ಅಂಜಿನಯ್ಯನ ಅಕ್ಷರ, ಗಂಗಲಕ್ಷ್ಮಿಯ ಕಣ್ಣು

ಗೋವಿಂದರಾಜನಗರದ ಅರ್ಧ ಅಂಗಡಿಗಳ ಬೋರ್ಡು ಬರೆದವನು ನಮ್ಮ ವಠಾರದ ಅಂಜಿನಯ್ಯ. ತನ್ನ ಅಕ್ಷರ ಅರ್ಧ ಮೈಲಿಯಿಂದ ಕಾಣುತ್ತದೆಂದು ಅವನಿಗೆ ಭಾರೀ ಜಂಬ. ಇಂಥ ಮಹಾನುಭಾವನ ಮಗಳು, ಆರನೇ ಕ್ಲಾಸಿನ ಗಂಗಲಕ್ಷ್ಮಿಗೆ, ಕರಿಹಲಗೆಯೇ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಸಿ ಎಂದು ಮೇಷ್ಟ್ರು ಹೇಳಿ ಕಳಿಸಿದರು.

"ಬೋರ್ಡ್ ಬರಿಯೋನ ಮಗಳಿಗೆ ಸೋಡಾಬುಡ್ಡಿನಾ? ನನ್ ಮರ್ಯಾದೆ ಏನಾಗ್ಬೇಕು?" ಎಂದು ಹಾರಾಡಿದ.

"ನಿಮ್ ಮರ್ಯಾದೆ ಪಾಸಾಗುತ್ತೆ, ಮಗು ಫೇಲಾಗುತ್ತೆ ಅಷ್ಟೇ," ಅಂದಳು ಹೆಂಡತಿ ಇಂದ್ರಮ್ಮ.

ಇದು ಎಂಬತ್ನಾಲ್ಕರ ಮಾತು. ಕಣ್ಣು ಪರೀಕ್ಷೆಗೆ ಕನ್ನಡದ ಚಾರ್ಟು ಬರೆದುಕೊಡಲು ಕನ್ನಡಕದಂಗಡಿಯ ಸೇತುರಾಮ ಆಗಷ್ಟೇ ಅಂಜಿನಯ್ಯನಿಗೆ ಹೇಳಿದ್ದ. ಮಾತಿನ ನಡುವೆ, "ಅಮೆರಿಕಾದಲ್ಲಿ ಗಟ್ಟಿ ಲೆನ್ಸ್ ಪ್ರಯೋಗ ಮಾಡ್ತಿದಾರಂತೆ. ರಾತ್ರಿ ಕಣ್ಣೊಳಗೆ ಹಾಕ್ಕೊಂಡು ಮಲಗಿದ್ರೆ ಕಣ್ಣುಗುಡ್ಡೆ ಚೂರು ಚಪ್ಪಟೆ ಆಗಿ ಹಗಲು ಕಾಣುತ್ತಂತೆ. ಬಿಟ್ರೆ ಮತ್ತೆ ಮೊದಲಿನಂಗೇ. ಡಾಕ್ಟ್ರಿಲ್ದೆ ಕೈ ಹಾಕೋ ಹಂಗಿಲ್ಲ," ಎಂದ. ಅಂಜಿನಯ್ಯನ ಕಿವಿಗೆ ಬಿದ್ದದ್ದು 'ಚಪ್ಪಟೆ' ತನಕ ಮಾತ್ರ.

ಒತ್ತುವುದಕ್ಕೆ ಅಮೆರಿಕಾ ಯಾಕೆ? ತಾತನ ಕಾಲದ ಎರಡು ತಾಮ್ರದ ಕಾಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಲಗುವಾಗ ಮಗಳ ಕಣ್ಣಿಗೆ ಬಿಗಿದು ಕಟ್ಟಿದ. ಬೆಳಿಗ್ಗೆ ಕಣ್ಣು ಕೆಂಪಗೆ ಊದಿರುತ್ತಿತ್ತು. ಕರಿಹಲಗೆಯ ಜೊತೆಗೆ ಈಗ ಪುಸ್ತಕವೂ ಮಂಜು. ನಾಲ್ಕನೇ ದಿನ ಚಾರ್ಟನ್ನು ಗೋಡೆಗೆ ತೂಗುಹಾಕಿ ಓದು ಎಂದ. ಕಡೆಯ ಸಾಲಿನವರೆಗೂ ಅವಳು ತಡವರಿಸಲಿಲ್ಲ! ವಠಾರಕ್ಕೆಲ್ಲ ಮೈಸೂರುಪಾಕು ಹಂಚಿದ. ನಾಚಿಕೆಯಿಲ್ಲದೆ ನಾನೂ ಎರಡು ತಿಂದೆ.

ಅಂಜಿನಯ್ಯ ಅಕ್ಷರಗಳನ್ನು ಗಟ್ಟಿಯಾಗಿ ಹೇಳಿಕೊಂಡೇ ಬರೆಯುವವನು. ಚಾರ್ಟು ಬರೆದ ಮೂರು ಸಂಜೆಯೂ ಬಣ್ಣದ ಡಬ್ಬ ಹಿಡಿದು ಪಕ್ಕದಲ್ಲಿ ಕೂತಿದ್ದವಳು ಮಗಳೇ. ಕಾಸು ಕಟ್ಟುವುದು ತಪ್ಪಿದರೆ ಸಾಕೆಂದು ಪಾಪ, ಬಾಯಿಪಾಠ ಒಪ್ಪಿಸಿದ್ದಳು. ಇದು ಆ ಜಾಣನ ತಲೆಗೆ ಹೊಳೆಯಲಿಲ್ಲ.

ವಾರದ ಮೇಲೆ ಮಾಗಡಿ ರಸ್ತೆಯ ಬಸ್‌ಸ್ಟಾಪಿನ ಹಿಂದಿನ ಅಂಗಡಿಗೆ ಬೋರ್ಡು ಬರೆದು, ತಲೆಗೆ ಟವೆಲು ಸುತ್ತಿಕೊಂಡು ಅವನು ಏಣಿಯಿಂದ ಇಳಿದ. ಎರಡು ಮಾರು ದೂರದಲ್ಲಿ ಮಗಳು ನಿಂತಿದ್ದಳು. ಕರೆಯಬೇಕು ಅನ್ನುವಷ್ಟರಲ್ಲಿ ಅವಳೇ ಇವನ ಕಡೆ ತಿರುಗಿದಳು.

"ಅಂಕಲ್, ಬರ್ತಿರೋ ಬಸ್ಸಲ್ಲಿ ಏನು ಬರ್ದಿದೆ ಹೇಳ್ತೀರಾ?"

"ವಿಜಯನಗರ ಕಣಮ್ಮಾ," ಅಂದ.

ದನಿ ಕೇಳಿ ಮಗು ಬೆಚ್ಚಿತು. "ಅಪ್ಪಾ, ಕಾಸು ಕಟ್ಬೇಡಪ್ಪಾ..." ಎಂದು ಅಲ್ಲೇ ಅತ್ತುಬಿಟ್ಟಿತು.

ಬಣ್ಣದ ಕೈಯಲ್ಲೇ ಅವಳನ್ನು ಸೇತುರಾಮನ ಅಂಗಡಿಗೆ ಕರೆದುಕೊಂಡು ಹೋದ. ನಾಲ್ಕು ದಿನದ ಮೇಲೆ ಕನ್ನಡಕ ಬಂತು. ಹಾಕಿಕೊಂಡವಳು ಅಪ್ಪನ ಮುಖವನ್ನೇ ನೋಡುತ್ತ ನಿಂತಳು.

"ಅಪ್ಪಾ, ನಿನ್ ಮೀಸೆ ಯಾವಾಗ ಬೆಳ್ಳಗಾಯ್ತು?"