ಗುಳಿಗೆ ಕಡಿಮೆ ಮಾಡಿದ ದಿನ

ಮುದ್ದೇಬಿಹಾಳದ ಕಿರಾಣಿ ಅಂಗಡಿಯೊಂದಕ್ಕೆ ನನ್ನ ಗಂಡ ಬರೆದ ಬೋರ್ಡಿನಲ್ಲಿ ಮೊದಲ ಅಕ್ಷರ ಗೇಣುದ್ದ ಇತ್ತು, ಕೊನೆಯದು ಹೆಬ್ಬೆರಳಿನಷ್ಟು. ಇಪ್ಪತ್ತು ವರ್ಷ ಬೋರ್ಡು ಬರೆದ ಕೈ. ಅಂಗಡಿಯವರು ತೋರಿಸಿದ ಮೇಲೆ ಅಳಿಸಿ ಮತ್ತೆ ಬರೆದರು. ಮತ್ತೆ ಹಾಗೆಯೇ ಆಯಿತು.

ಆಮೇಲೆ ಬಲಗೈ ನಡುಗತೊಡಗಿತು. ಹೊಸ್ತಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ನಗುವುದೂ ನಿಂತಿತು. ಸಿಟ್ಟಾಗಿದ್ದಾರೆಂದುಕೊಂಡು ನಾನು ಎಷ್ಟೋ ದಿನ ಮಾತು ಬಿಟ್ಟಿದ್ದೆ. ಮುಖವೂ ಬಿಗಿದುಕೊಂಡಿದೆ ಎಂದು ನನಗೇನು ಗೊತ್ತು.

ಎಪ್ಪತ್ತೊಂದನೆಯ ಇಸವಿಯಲ್ಲಿ ಸೊಲ್ಲಾಪುರದ ಡಾಕ್ಟರು ನೋಡಿ, ಪಾರ್ಕಿನ್ಸನ್ಸ್ ಎಂಬ ನಡುಕದ ರೋಗ ಎಂದರು.

"ಮಿದುಳಿನ್ಯಾಗ ಡೋಪಮೈನ್ ಅನ್ನೋದು ಕಡಿಮಿ ಆಗೇತ್ರಿ. ಅದನ್ನ ಹಿಡಕೊಳ್ಳಾಕ ಜೀವಕೋಶದ ಮ್ಯಾಲ ರಿಸೆಪ್ಟರ್ ಇರ್ತಾವು. ಅವು ಕಾಯ್ಕೋತ ಕುಂತಾವು, ಬರೂದು ಬರವಲ್ದು. ಲೆವೊಡೋಪಾ ಅಂತ ಹೊಸಾ ಗುಳಿಗಿ ಬಂದೈತಿ. ಕೊಟ್ಟು ನೋಡೂಣು."

"ಗುಣ ಆಗ್ತೈತೇನ್ರಿ?" ಎಂದೆ.

"ಗುಣ ಅಲ್ಲವ್ವಾ. ಸಂಶೋಧನಾ ಇನ್ನೂ ನಡದೈತಿ. ಸದ್ಯ ಕೈಕಾಲು ಆಡ್ತಾವು."

ಆ ಗುಳಿಗೆ ನಮ್ಮ ಕಡೆ ಸಿಗುತ್ತಿರಲಿಲ್ಲ. ಮುಂಬಯಿಯಿಂದ ತರಿಸಿದೆವು. ಮೊದಲು ಬರೀ ವಾಂತಿ. ಮೂರನೆಯ ವಾರ ಅವರು ತಾವೇ ಅಂಗಿಯ ಗುಂಡಿ ಹಾಕಿಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಎರಡು ವರ್ಷ ಚೆನ್ನಾಗಿ ನಡೆಯಿತು. ಬರಬರುತ್ತಾ ಗುಳಿಗೆಯ ಬಲ ತಾಸೆರಡು ತಾಸಿಗೇ ಇಳಿದುಹೋಗುತ್ತಿದ್ದುದರಿಂದ ಡಾಕ್ಟರು ಪ್ರಮಾಣ ಏರಿಸಿದರು. ಕಾಲುಗಳು ನಡೆದವು. ಆದರೆ ಖಾಲಿ ಕಟ್ಟೆ ತೋರಿಸಿ, ಬಂದವರಿಗೆ ನೀರು ಕೊಡು ಎನ್ನತೊಡಗಿದರು. ಒಂದು ಮುಂಜಾನೆ ಚಹಾ ತಂದ ನನ್ನನ್ನೇ ದಿಟ್ಟಿಸಿದರು.

"ಯಾರವ್ವಾ ನೀ? ನಮ್ಮಾಕಿ ಎಲ್ಲಿ ಹೋಗ್ಯಾಳ?"

ಮತ್ತೆ ಸೊಲ್ಲಾಪುರ. ಡಾಕ್ಟರು ಮುಚ್ಚಿಡಲಿಲ್ಲ. ಗುಳಿಗೆ ಕಡಿಮೆ ಮಾಡಿದರೆ ಭ್ರಮೆ ಹೋಗಬಹುದು, ಮೈ ಮಾತ್ರ ಮತ್ತೆ ಬಿಗಿಯುತ್ತದೆ. ಗಂಡ ನಡೆದಾಡುವುದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. "ಈಗಿನಷ್ಟ ಇರ್ಲಿರಿ" ಎಂದೆ. ಆ ಹೊತ್ತು ಅವರ ಬುದ್ಧಿ ತಿಳಿಯಾಗಿತ್ತು.

"ಕಡಿಮಿ ಮಾಡ್ರಿ, ಡಾಕ್ಟರ. ನಾ ಬಿದ್ರ ಇಕಿ ಎತ್ತತಾಳ. ಎತ್ತಿದಾಕಿ ಯಾರಂತ ನನಗ ಗೊತ್ತಿರಬೇಕು."

ಕಡಿಮೆ ಮಾಡಿದರು.

ಈಗ ಅವರು ಹಾಸಿಗೆ ಹಿಡಿದಿದ್ದಾರೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣಿಸುತ್ತೇನೆ. ತುತ್ತು ಬಾಯಲ್ಲೇ ನಿಂತರೆ ಗಂಟಲು ನೇವರಿಸುತ್ತೇನೆ. ಒಂದು ಊಟಕ್ಕೆ ಒಂದು ತಾಸು ಬೇಕು. ದನಿ ಎಷ್ಟು ಸಣ್ಣದಾಗಿದೆಯೆಂದರೆ ಕಿವಿಯನ್ನು ಅವರ ತುಟಿಯ ಹತ್ತಿರ ಒಯ್ಯಬೇಕು.

ನಿನ್ನೆ ಹಾಗೆ ಬಾಗಿದಾಗ ಕೇಳಿದರು, "ಗಂಗವ್ವಾ, ನಿಂದು ಊಟ ಆತೇನ?"

ಆಗಿರಲಿಲ್ಲ. "ಆಗೇತ್ರಿ" ಎಂದೆ.