ಎರಡೂ ಜಾಕೆಟ್ ನನಗೇ

ಮೊನ್ನೆ ದೇವಸ್ಥಾನದ ರಸ್ತೆಯ ಅಂಗಡಿಯೊಂದರಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ನೇತಾಡುತ್ತಿತ್ತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಮಗಳ ಕಾಲೇಜಿನವರು ದೋಣಿ ಪ್ರವಾಸಕ್ಕೆ ಹೊರಟಿದ್ದಾರೆ. ಅವಳಿಗೊಂದು ಕೊಡಿಸಲು ಅವಳನ್ನೂ ಕರೆದುಕೊಂಡು ಹೋಗಿದ್ದೆ.

"ಅಪ್ಪಾ, ನೀರಿನ್ಯಾಗ ಹ್ಯಾಂಗ ಹುಷಾರ ಇರ್ಬೇಕು, ಹೇಳು. ರಫೀಕ ಕಾಕಾನ್ನ ಉಳಿಸಿದಾಂವ ನೀ!"

ನಾನು ಜಾಕೆಟ್ಟಿನ ಬೆಲೆಚೀಟಿ ತಿರುಗಿಸಿ ನೋಡಿದೆ.

ರಫೀಕ ಮತ್ತು ನಾನು ನಂದೂರಿನ ಬೇಳೆ ಮಿಲ್ಲಿನಲ್ಲಿ ಜೊತೆಯಲ್ಲೇ ಚೀಲ ಹೊಲಿದವರು. ಮೂವತ್ತು ದಾಟಿದ ಮೇಲೆ ನಾನು ಹತ್ತನೇ ಪರೀಕ್ಷೆಗೆ ಕಟ್ಟಿದಾಗ, ಎಲ್ಲರೂ ನಕ್ಕರು. ಅವನು ಮಾತ್ರ ನನ್ನ ಪುಸ್ತಕದ ಮೇಲೆ ಕೂತ ಬೇಳೆಧೂಳು ಒರೆಸಿ ಕೊಡುತ್ತಿದ್ದ. ಪಾಸಾದಂದಿನಿಂದ ನಾನು ಅವನ ಬಾಯಲ್ಲಿ 'ಮಾಸ್ತರ'. ಹೊಸದಾಗಿ ಕಲಿತವನ ಹುರುಪು ನಿಮಗೆ ಗೊತ್ತಲ್ಲ, ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ.

ಒಂದು ರಜೆಯ ದಿನ ಇಬ್ಬರೂ ಕಮಲಾಪುರಕ್ಕೆ ಹೋದೆವು. ಕೆಂಪು ಬಾಳೆಹಣ್ಣು ಕೊಂಡು ಅಲ್ಲಿಂದ ಕೆರೆಗೆ. ಇಬ್ಬರೇ ಕೂರುವ ಸಣಕಲು ದೋಣಿ, ಇಬ್ಬರಿಗೂ ಒಂದೊಂದು ಬಾಡಿಗೆ ಜಾಕೆಟ್. ದಂಡೆಯ ಬೋರ್ಡು ಓದಿದೆ: ಜಾಕೆಟ್ ಧರಿಸಿ, ಎದ್ದು ನಿಲ್ಲಬೇಡಿ.

"ಓದಿದ್ದಾಯ್ತಲ್ಲ ಮಾಸ್ತರ, ಇನ್ನ ಕುಂದ್ರು."

ಕೂತೆ. ಹಲಗೆ ಒತ್ತಿ ಹಳೆಯ ಸೊಂಟನೋವು ಎದ್ದಿತು. ನನ್ನ ಮುಖ ನೋಡಿ ಅವನು ತನ್ನ ಜಾಕೆಟ್ ಬಿಚ್ಚಿ ಮಡಚಿದ. "ತಗೋ, ಬುಡಕ ಹಾಕ್ಕೋ. ನನಗ ಈಜು ಬರ್ತದ."

ಅದು ಬಾವಿಯಲ್ಲಿ ಕಲಿತ ಈಜು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಮೈಮೇಲೊಂದು, ಬುಡಕ್ಕೊಂದು, ನವಾಬನ ಹಾಗೆ ಕೂತು ಹಣ್ಣು ಸುಲಿದೆ.

ನಡುನೀರಿನಲ್ಲಿ, ಸೊಂಟ ನೆಟ್ಟಗೆ ಮಾಡಲೆಂದು ಎದ್ದು ನಿಂತವನು ಬೋರ್ಡು ಓದಿದ ನಾನೇ. ದೋಣಿ ಮಗುಚಿತು. ನಾನು ತೇಲಿದೆ. ರಫೀಕನ ಕಾಲಿಗೆ ನೀರಬಳ್ಳಿ ಸುತ್ತಿತ್ತು. ನನ್ನ ಜಾಕೆಟ್ಟಿನ ಪಟ್ಟಿ ಹಿಡಿದ. ನನ್ನ ಮೂಗಿಗೂ ನೀರು ಹೋಯಿತು. "ಬಿಡೋ!" ಎಂದು ಕೂಗಿ ಅವನ ಎದೆಗೆ ಒದ್ದೆ. ಅವನು ಬಿಟ್ಟ.

ಮೀನುಗಾರರು ಅವನನ್ನು ಎಳೆದು ತಂದರು. ದಂಡೆಯ ಮೇಲೆ ಕಣ್ಣು ಬಿಟ್ಟವನು ಸುತ್ತಲಿನ ಜನಕ್ಕೆ ಹೇಳಿದ: "ಇಂವ ಹಿಡ್ಕೊಂಡಿದ್ದ, ಅದಕ್ಕ ಉಳ್ದೀನಿ."

ನಾನು ಅಲ್ಲ ಅನ್ನಲಿಲ್ಲ. ಮಿಲ್ಲಿನಲ್ಲಿ ಶಾಲು ಹೊದಿಸಿದರು, ಹೊದ್ದುಕೊಂಡೆ. ಆಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ, "ಆರಾಮ ಇದ್ದೀರೇನ್ರಿ?" ಅಷ್ಟೇ. 'ಮಾಸ್ತರ' ಎಂದು ಕರೆಯುವವರು ಈಗ ಯಾರೂ ಇಲ್ಲ.

ಅಂಗಡಿಯಲ್ಲಿ ಮಗಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಜಾಕೆಟ್ ಮೈಮ್ಯಾಲ ಹಾಕ್ಕೋ, ಬುಡಕಲ್ಲ. ಎದ್ದು ನಿಂದ್ರಬ್ಯಾಡ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಮತ್ತ?"

"ನಾ ರಫೀಕನ್ನ ಉಳಿಸಿಲ್ಲವ್ವ. ಒದ್ದೀನಿ."

ಎಲ್ಲ ಹೇಳಿದೆ. ಅವಳು ನೇತಾಡುತ್ತಿದ್ದ ಜಾಕೆಟ್ಟನ್ನು ತಾನೇ ಕೆಳಗಿಳಿಸಿದಳು. ಆಮೇಲೆ ತೊಟ್ಟಳು. ಪಟ್ಟಿ ಸಡಿಲವಾಗಿತ್ತು, ಬಿಗಿಯಲು ಕೈ ಚಾಚಿದೆ. ಅವಳು ನನ್ನ ಕೈ ಪಕ್ಕಕ್ಕೆ ಸರಿಸಿದಳು.

"ಬಿಡ್ರಿ. ನಾ ಹಾಕ್ಕೋತೀನಿ."