ರುಬ್ಬುಗುಂಡಿನ ದೇವರು

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ತಿರುವಿನಲ್ಲಿ, ಬೇವಿನ ಮರದ ಬುಡಕ್ಕೆ ಒಂದು ಕಟ್ಟೆ ಇದೆ. ಟ್ಯೂಷನ್ ಮುಗಿಸಿದ ನಾವು ಹುಡುಗ ಹುಡುಗಿಯರು ಕತ್ತಲಾಗುವವರೆಗೂ ಅಲ್ಲೇ ಬಿದ್ದಿರುತ್ತಿದ್ದೆವು. ಕನ್ನಡ, ತಮಿಳು, ತೆಲುಗು, ಉರ್ದು, ಎಲ್ಲ ಭಾಷೆಯ ಬೈಗುಳವನ್ನೂ ನಾನು ಕಲಿತದ್ದು ಅಲ್ಲಿ. ಹುಡುಗಿಯರು ಕಾಲು ಇಳಿಬಿಟ್ಟು ಕೂತು ಜೋರಾಗಿ ನಗಬಹುದಾದ ಜಾಗ ನಮಗೆ ಅದೊಂದೇ ಇತ್ತು.

ನನ್ನ ಪಕ್ಕ ಕೂರುತ್ತಿದ್ದವಳು ಹಿಂದಿನ ಬೀದಿಯ ಮುಸ್ಲಿಂ ಮನೆಯ ಗೆಳತಿ. ಮದುವೆ, ಕೆಲಸ ಅಂತ ನಾವೆಲ್ಲ ಚದುರಿದೆವು. ನಾನು ಶಿವಮೊಗ್ಗದ ಗೋಪಾಳ ಸೇರಿದೆ. ಅವಳು ಅಲ್ಲೇ ಟೀಚರ್ ಆದಳು. ಸಂಜೆ ಶಾಲೆಯಿಂದ ಬರುವಾಗ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುವುದನ್ನು ಬಿಡಲಿಲ್ಲ.

ರಸ್ತೆ ಅಗಲ ಮಾಡಲು ಕಟ್ಟೆ ಒಡೆಯುತ್ತಾರೆ ಎಂದು ಮೊದಲು ಫೋನ್ ಮಾಡಿದವಳೂ ಅವಳೇ. ಹಳೇ ಗುಂಪೆಲ್ಲ ಸೇರಿ ಅರ್ಜಿ ಕೊಟ್ಟೆವು, ಕಚೇರಿಯ ಮೆಟ್ಟಿಲು ಸವೆಸಿದೆವು. "ಹರಟೆ ಹೊಡೆಯೋ ಕಟ್ಟೆಗೆಲ್ಲ ರೋಡ್ ಬಿಡಕ್ಕಾಗುತ್ತಾ ಮೇಡಂ?" ಎಂದು ನಕ್ಕು ಕಳಿಸಿದರು. ಆಗ ನಮ್ಮ ಗುಂಪಿನ ಒಬ್ಬ ಹೇಳಿದ, "ಹರಟೆ ಕಟ್ಟೆ ಒಡೀತಾರೆ. ದೇವರ ಕಟ್ಟೆ ಮುಟ್ಟೋ ಗಂಡಸು ಯಾರಿದಾನೆ ಮಾರಾಯ್ತಿ? ಒಂದು ಕಲ್ಲು ಇಟ್ಟುಬಿಡೋಣ."

ಕಲ್ಲು ಕೊಟ್ಟವಳು ಗೆಳತಿ. ಅವಳ ಅಮ್ಮಿ ತೀರಿಕೊಂಡ ಮೇಲೆ ಹಿತ್ತಲಿನಲ್ಲಿ ಸುಮ್ಮನೆ ಬಿದ್ದಿದ್ದ ಒರಳಿನ ಗುಂಡು. ಶುಂಠಿ ಬೆಳ್ಳುಳ್ಳಿ, ಬಿರಿಯಾನಿ ಮಸಾಲೆ ರುಬ್ಬಿ ರುಬ್ಬಿ ನುಣ್ಣಗಾಗಿತ್ತು. ಅರಿಶಿನ ಬಳಿದು, ಕುಂಕುಮ ಹಚ್ಚಿ, ಬೆಳ್ಳಿ ಕಣ್ಣು ಅಂಟಿಸಿ ಮರದ ಬುಡದಲ್ಲಿ ನಿಲ್ಲಿಸಿದೆವು. "ಅಮ್ಮಿ ಇದ್ದಿದ್ರೆ ನಮ್ಮನ್ನೆಲ್ಲ ಇದೇ ಗುಂಡಲ್ಲಿ ಜಜ್ಜಿಬಿಡ್ತಿದ್ರು ಕಣೆ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೆಸಿಬಿ ಬಂತು. ಡ್ರೈವರ್ ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದು ವಾಪಸ್ ಹೋದ. ರಸ್ತೆಯೇ ಕಟ್ಟೆಗೆ ಹೆದರಿ ಸೊಟ್ಟಗಾಯಿತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೊದಲು ಯಾರೋ ಅಮ್ಮನವರು ಅಂತ ದೀಪ ಇಟ್ಟರು. ಆಮೇಲೆ ಟೈಲ್ಸ್, ಹುಂಡಿ, ಸ್ಟೀಲ್ ಗ್ರಿಲ್, ಕಮಿಟಿ. ಕಲ್ಲಿಡೋಣ ಎಂದವನೇ ಕಮಿಟಿಯ ಅಧ್ಯಕ್ಷ. ಶುಕ್ರವಾರ ಶಲ್ಯ ಹೊದ್ದು ಓಡಾಡುತ್ತಾನೆ. ಅಮ್ಮನವರು ಅವನ ಕನಸಿನಲ್ಲಿ ಬಂದು ಜಾಗ ತೋರಿಸಿದ್ದರಂತೆ. ಥೂ!

ಹೋದ ತಿಂಗಳು ನಾನು ಹೋದಾಗ ಗೆಳತಿ ರಸ್ತೆಯ ಆಚೆ ಬದಿ ನಿಂತಿದ್ದಳು. "ಅಲ್ಯಾಕೆ ನಿಂತಿದೀಯ, ಬಾರೆ" ಎಂದು ಕರೆದರೂ ಬರಲಿಲ್ಲ. ನಾನೇ ದಾಟಿ ಹೋದೆ. ಕೆಲವು ದಿನದ ಹಿಂದೆ ಒಂದು ಸಂಜೆ ಅವಳು ಗ್ರಿಲ್ಲಿನ ಹೊರಗಿನ ಅಂಚಿನಲ್ಲಿ ಕೂತಿದ್ದಾಗ ಅಧ್ಯಕ್ಷ ಬಂದು, "ಬೇಜಾರು ಮಾಡ್ಕೋಬೇಡ, ನಿಮ್ಮೋರು ಇಲ್ಲಿ ಕೂತ್ರೆ ಜನ ಮಾತಾಡ್ತಾರೆ" ಎಂದನಂತೆ. ಅವಳ ಅಮ್ಮಿಯ ಕೈಯ ಬಿರಿಯಾನಿ ತಿಂದು ಬೆಳೆದವನು! ನನಗೆ ಮೈಯೆಲ್ಲ ಉರಿಯಿತು. ಆ ಗುಂಡು ಯಾರ ಮನೆಯದು ಅಂತ ಈಗಲೇ ಕೂಗಿ ಹೇಳುತ್ತೇನೆ ಎಂದು ಹೊರಟೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಹೇಳ್ಬೇಡ ಮಾರಾಯ್ತಿ. ನೀನು ಬಸ್ ಹತ್ತಿ ಗೋಪಾಳಕ್ಕೆ ಹೋಗ್ತೀಯ. ನಾನು ಇಲ್ಲೇ ಇರಬೇಕು."

ಅಷ್ಟರಲ್ಲಿ ಮಂಗಳಾರತಿ ಶುರುವಾಯಿತು. ಜನ ಗ್ರಿಲ್ಲಿನ ಸುತ್ತ ಮುತ್ತಿದರು. ಅವಳು ತಲೆಯ ದುಪಟ್ಟಾ ಸರಿಮಾಡಿಕೊಂಡು ಅತ್ತಲೇ ನೋಡುತ್ತಿದ್ದಳು.

"ಅಮ್ಮಿ ಒಳಗಿದಾರೆ, ನಾನು ಹೊರಗೆ" ಎಂದಳು.